15 ವರ್ಷದ ಕಾರಿಗೆ ಕಡಿಮೆ ಖರ್ಚಿನ ಸೈಲೆನ್ಸರ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಕರಾವಳಿಯ ಒಂದು ಊರಿನ ಕಾರಿನ ವಿಷಯ. ಮಾಲೀಕರು ಶಾಲೆಯ ಮೇಷ್ಟ್ರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಕಾರಿನ ಕಂಪನಿ, ಗ್ಯಾರೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ನಾನು ಆಟೊಮೊಬೈಲ್ ಪಾಠ ಹೇಳುವವನು, ಮೇಷ್ಟ್ರಿಗೆ ಪರಿಚಯದವನು. ಅರ್ಧ ದುಡ್ಡು ಖರ್ಚಾದ ಮೇಲೆ ನನ್ನನ್ನು ಕರೆದರು. ಅದಕ್ಕೆ ಮೊದಲು ನಡೆದದ್ದನ್ನು ಅವರ ಬಾಯಿಂದ ಕೇಳಿ, ಬಿಲ್ಲುಗಳನ್ನು ನೋಡಿ ಬರೆದಿದ್ದೇನೆ.

ಕಾರು 2009ರ ಕೊನೆಯಲ್ಲಿ ರಿಜಿಸ್ಟರ್ ಆದ ಸಣ್ಣ ಹ್ಯಾಚ್‌ಬ್ಯಾಕ್. 1.1 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಎಂಜಿನ್ ಇನ್ನೂ ಗಟ್ಟಿಮುಟ್ಟು. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ದಿನಾ ಹೋಗಿ ಬರುವುದು ಅಷ್ಟೇ. ವಾರಕ್ಕೊಮ್ಮೆ ಪೇಟೆ, ಅಪರೂಪಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ದೂರದ ಓಡಾಟ.

2024ರ ಕೊನೆಗೆ ಕಾರಿಗೆ 15 ವರ್ಷ ತುಂಬುತ್ತಿತ್ತು. ಅಂದರೆ ಆರ್‌ಸಿ ನವೀಕರಣ. ಕಾರನ್ನು ಆರ್‌ಟಿಓ ಕಚೇರಿಗೆ ಒಯ್ದು ತೋರಿಸಬೇಕು. 2022ರ ಏಪ್ರಿಲ್‌ನಿಂದ ಹಳೇ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಹಸಿರು ತೆರಿಗೆ ಬೇರೆ. ಸರಿಯಾಗಿ ಅದೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಸೈಲೆನ್ಸರ್ ಕೈಕೊಟ್ಟಿತು. ಮೇಷ್ಟ್ರು ಅದಕ್ಕಾಗಿ ಎತ್ತಿಟ್ಟದ್ದು 3,500 ರೂಪಾಯಿ.

ಸಮಸ್ಯೆ

ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಪುಸಪುಸ ಸದ್ದು. ಕೆಲವೇ ವಾರದಲ್ಲಿ ಅದು ಗುಡುಗುಡು ಆಯಿತು. "ಎಂತ ಮೇಷ್ಟ್ರೆ, ನೀವು ಬರುದು ಈಗ ಪೇಟೆ ತುದಿಯಿಂದಲೇ ಗೊತ್ತಾಗ್ತದೆ" ಅಂತ ಅಂಗಡಿಯವರು ಹೇಳತೊಡಗಿದರು.

ಸೈಲೆನ್ಸರ್ ಯಾಕೆ ತೂತಾಗುತ್ತದೆ ಅನ್ನುವುದು ಇಲ್ಲಿ ಮುಖ್ಯ, ಯಾಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಅದರ ಮೇಲೆ ನಿಂತಿವೆ. ಕರಾವಳಿಯಲ್ಲಿ ಎಲ್ಲರೂ ಉಪ್ಪುಗಾಳಿಯನ್ನು ಬೈಯುತ್ತಾರೆ. ಅದರ ಪಾಲೂ ಇದೆ, ಆದರೆ ಅದು ಹೊರಗಿನಿಂದ ತಿನ್ನುವ ತುಕ್ಕು. ಜಾಸ್ತಿ ಹಾಳು ಮಾಡುವುದು ಒಳಗಿನ ನೀರು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಅದು ಆವಿಯಾಗಿ ಪೈಪಿನಲ್ಲಿ ಬರುತ್ತದೆ. ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಿದ್ದರೆ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಡಬ್ಬದೊಳಗೇ ನೀರಾಗಿ ನಿಲ್ಲುತ್ತದೆ. ಹೊಗೆಯಲ್ಲಿರುವ ಗಂಧಕ, ಸಾರಜನಕದ ಅಂಶ ಸೇರಿ ಆ ನೀರು ಸ್ವಲ್ಪ ಆಮ್ಲವಾಗುತ್ತದೆ. ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಹಿಂದಿನ ಡಬ್ಬ ಬಿಸಿಯಾಗುವುದೇ ಇಲ್ಲ. ದಿನಾ ನೀರು ಸೇರುತ್ತದೆ, ದಿನಾ ಅಲ್ಲೇ ಉಳಿಯುತ್ತದೆ. ಕಡಿಮೆ ಓಡಿದ ಕಾರು ಅಂತ ನಾವು ಖುಷಿಪಡುತ್ತೇವೆ. ಸೈಲೆನ್ಸರ್ ಮಟ್ಟಿಗೆ ಕಡಿಮೆ ಓಡುವುದೇ ಕಷ್ಟ.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ ಸೈಲೆನ್ಸರ್ ಪೇಸ್ಟ್. ತೂತಿಗೆ ಪೇಸ್ಟ್ ಮೆತ್ತಿ, ಮೇಲೆ ತಗಡು ಸುತ್ತಿ, ತಂತಿ ಬಿಗಿದರು. ಖರ್ಚು 180 ರೂಪಾಯಿ. ಒಂದು ಜೋರು ಮಳೆಗೆ ಬಿಟ್ಟುಕೊಂಡಿತು. ಗಟ್ಟಿ ಪೈಪಿನ ಜಾಯಿಂಟಿನಲ್ಲಿ ಸಣ್ಣ ಸೋರಿಕೆ ಇದ್ದರೆ ಈ ಪೇಸ್ಟ್ ಒಳ್ಳೆಯದೇ. ಕೊಳೆತ ತಗಡಿಗೆ ಅದು ಹಿಡಿಯುವುದಿಲ್ಲ.

ಎರಡನೆಯದು ಪ್ಯಾಚ್ ವೆಲ್ಡಿಂಗ್, 300 ರೂಪಾಯಿ. ವೆಲ್ಡಿಂಗ್‌ನವರು ಮೊದಲೇ ಹೇಳಿದ್ದರಂತೆ: "ಡಬ್ಬ ಒಳಗಿಂದ ಹೋಗಿದೆ ಮಾರಾಯ್ರೆ, ಮೇಲಿಂದ ಎಂತ ಮಾಡಿದ್ರೂ ನಿಲ್ಲುದಿಲ್ಲ." ಆದರೂ ಮೇಷ್ಟ್ರು ಒತ್ತಾಯ ಮಾಡಿದರು. ತಗಡು ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿತ್ತು. ಪ್ಯಾಚ್ ಹಾಕಿದ ಜಾಗ ನಿಂತಿತು, ಅದರ ಪಕ್ಕದಲ್ಲೇ ಹೊಸ ತೂತು ಬಿತ್ತು.

ಆಮೇಲೆ ನಡೆದ ಒಂದು ಘಟನೆ ಇಡೀ ಪ್ರಕರಣದ ದಿಕ್ಕು ಬದಲಿಸಿತು. ಮೇಷ್ಟ್ರ ತಾಯಿಯನ್ನು ಆಸ್ಪತ್ರೆಗೆ ತೋರಿಸಲು ಕರೆದೊಯ್ಯುತ್ತಿದ್ದರು. ಮಳೆ, ಹಾಗಾಗಿ ಕಿಟಕಿ ಎಲ್ಲ ಮುಚ್ಚಿತ್ತು. ಹಿಂದೆ ಕೂತಿದ್ದ ಅಮ್ಮನಿಗೆ ತಲೆನೋವು, ಹೊಟ್ಟೆ ತೊಳೆಸುವುದು ಶುರುವಾಯಿತು. ವಯಸ್ಸಾದವರು, ಪ್ರಯಾಣದ ಸುಸ್ತು ಅಂದುಕೊಂಡರು. ಕಾರಿನಿಂದ ಇಳಿದು ಗಾಳಿಗೆ ನಿಂತ ಸ್ವಲ್ಪ ಹೊತ್ತಿಗೆ ಸರಿಹೋಯಿತು. ವಾಪಸ್ ಬರುವಾಗ ಮತ್ತೆ ಅದೇ.

ಈ ಮಾತು ಕೇಳಿದಾಗ ನನಗೆ ಸದ್ದಿನ ವಿಷಯ ಮರೆತೇಹೋಯಿತು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಅದರ ಮೊದಲ ಲಕ್ಷಣಗಳು. ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಸುಟ್ಟುಹಾಕುತ್ತದೆ ನಿಜ, ಆದರೆ 250–300 ಡಿಗ್ರಿ ಬಿಸಿ ಏರಿದ ಮೇಲೆ ಮಾತ್ರ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ಬರುವ ಹೊಗೆ ಕೆಟ್ಟದ್ದು. ಹ್ಯಾಚ್‌ಬ್ಯಾಕ್ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಅಲ್ಲಿ ಸುಳಿಯುವ ಹೊಗೆ ಡಿಕ್ಕಿ ಬಾಗಿಲಿನ ಸಂದಿಯಿಂದ ಒಳಗೆ ನುಗ್ಗಬಹುದು. ಈ ಕಾರಿನ ಡಿಕ್ಕಿ ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಹರಿದಿತ್ತು. ಡಿಕ್ಕಿಯ ತಳದ ಒಂದು ರಬ್ಬರ್ ಬಿರಡೆ ಕಳೆದುಹೋಗಿತ್ತು. ಅದರ ಕೆಳಗೇ ತೂತು ಬಿದ್ದ ಡಬ್ಬ.

ಅಮ್ಮನಿಗೆ ಆದದ್ದು ಅದರಿಂದಲೇ ಅಂತ ಸಾಬೀತು ಮಾಡಲು ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಆದರೆ ಇಂಥ ಕಡೆ ಸಾಬೀತಿಗೆ ಕಾಯಬಾರದು. ರಿಪೇರಿ ಆಗುವವರೆಗೆ ಕಾರು ತೆಗೆಯಬೇಡಿ ಅಂದೆ. ಮೇಷ್ಟ್ರು ಒಪ್ಪಿದರು.

ಮಗ ತಂದ ಸೈಲೆನ್ಸರ್

ಆದರೆ ನನ್ನನ್ನು ಕೇಳುವ ಹೊತ್ತಿಗಾಗಲೇ ಹೊಸ ಸೈಲೆನ್ಸರ್ ಒಂದು ಮನೆಗೆ ಬಂದಾಗಿತ್ತು. ಮೇಷ್ಟ್ರ ಮಗ ಎಂಜಿನಿಯರಿಂಗ್ ಓದುವ ಹುಡುಗ, ಕಾರಿನ ಮೇಲೆ ತುಂಬಾ ಪ್ರೀತಿ. ಕಂಪನಿ ಪಾರ್ಟ್ ಬೆಲೆ ವಿಚಾರಿಸಿದಾಗ 6,900 ರೂಪಾಯಿ ಅಂದಿದ್ದಾರೆ, ಅದೂ ಆರ್ಡರ್ ಹಾಕಿ ಕಾಯಬೇಕು. ಆಗ ಹುಡುಗ ಆನ್‌ಲೈನ್‌ನಲ್ಲಿ 2,200ಕ್ಕೆ ಒಂದು ಯೂನಿವರ್ಸಲ್ ಫ್ರೀ ಫ್ಲೋ ಸೈಲೆನ್ಸರ್ ತರಿಸಿದ. ಯಾವ ಕಾರಿಗಾದರೂ ಆಗುತ್ತದೆ, ಪಿಕಪ್ ಹೆಚ್ಚುತ್ತದೆ ಅಂತ ಬರೆದಿತ್ತು. ಹೊಳೆಯುವ ಸ್ಟೀಲು, ನೋಡಲು ಚೆಂದ. ಕೂರಿಸಲು 600. ಅದನ್ನೇ ಹಾಕಿಸಿ ಕಾರು ಮತ್ತೆ ತೆಗೆದರು.

ಹುಡುಗನ ಲೆಕ್ಕ ಪೂರ್ತಿ ತಪ್ಪಲ್ಲ. ಬೆಲೆ ನೋಡಿದರೆ ಅರ್ಧಕ್ಕೂ ಕಡಿಮೆ, ತುಕ್ಕು ಹಿಡಿಯದ ಲೋಹ. ತೊಂದರೆ ಇದ್ದದ್ದು ಒಳಗಿನ ರಚನೆಯಲ್ಲಿ, ಅಳತೆಯಲ್ಲಿ.

ಕಂಪನಿಯಿಂದ ಬರುವ ಡಬ್ಬದೊಳಗೆ ಎರಡು ಮೂರು ಕೋಣೆಗಳಿರುತ್ತವೆ. ನಡುವೆ ತಗಡಿನ ಗೋಡೆಗಳು, ಸಣ್ಣ ತೂತುಗಳ ಕೊಳವೆಗಳು. ಹೊಗೆ ಒಂದು ಕೋಣೆಗೆ ಬಂದು, ಹಿಂದೆ ತಿರುಗಿ, ಇನ್ನೊಂದಕ್ಕೆ ಹೋಗಿ ಹೊರಬೀಳುತ್ತದೆ. ಆ ತಿರುಗಾಟದಲ್ಲಿ ಸದ್ದಿನ ಅಲೆಗಳು ಒಂದಕ್ಕೊಂದು ಡಿಕ್ಕಿಯಾಗಿ ಸಾಯುತ್ತವೆ. ಕೋಣೆಗಳ ಅಳತೆಯನ್ನು ಆ ಎಂಜಿನ್ನಿನ ಸದ್ದಿಗೆ ತಕ್ಕಂತೆ ಮಾಡಿರುತ್ತಾರೆ. ಫ್ರೀ ಫ್ಲೋದಲ್ಲಿ ಒಂದೇ ನೇರ ಕೊಳವೆ, ಸುತ್ತ ಗ್ಲಾಸ್ ವೂಲ್. ಕೀಚಲು ಸದ್ದನ್ನು ಅದು ಚೆನ್ನಾಗಿ ಹೀರುತ್ತದೆ. ತಗ್ಗಿನ ಗುಮ್ಮೆನ್ನುವ ಸದ್ದನ್ನು ಹಾಗೇ ಬಿಡುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಸಿಡಿಯುತ್ತದೆ. 2,400 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2,400 ಸುತ್ತಿನಲ್ಲಿ, ಸೆಕೆಂಡಿಗೆ 80 ಸಲ. ಈ ಕಾರು ಟಾಪ್ ಗೇರಿನಲ್ಲಿ ಹೆದ್ದಾರಿಯಲ್ಲಿ ಹಾಯಾಗಿ ಹೋಗುವ ವೇಗವೂ ಸುಮಾರು ಅದೇ. ಸಣ್ಣ ಕಾರಿನ ಕ್ಯಾಬಿನ್ನಿಗೆ ಆ ಮಟ್ಟದ ಸದ್ದು ಸೇರಿಬಿಟ್ಟರೆ ಇಡೀ ಕಾರು ಗುಂಯ್‌ಗುಟ್ಟುತ್ತದೆ. ಕಿವಿಗಿಂತ ಎದೆಗೆ ಜಾಸ್ತಿ ಗೊತ್ತಾಗುತ್ತದೆ. ವೇಗ ಸ್ವಲ್ಪ ಏರಿಸಿದರೆ ಮಾಯ, ಇಳಿಸಿದರೆ ಮಾಯ, ಹಾಯಾಗಿ ಹೋಗುವ ವೇಗದಲ್ಲಿ ಮಾತ್ರ ಇರುತ್ತದೆ. ಹಳೇ ಸೈಲೆನ್ಸರಿನ ಕಾಲದಲ್ಲಿ ಇಲ್ಲದ ತಲೆನೋವು ಈಗ ಮೇಷ್ಟ್ರಿಗೇ ಬಂತು.

ಪಿಕಪ್ ವಿಷಯವೂ ಹಾಗೇ. ಕಾರಿನ ಪೈಪು 38 ಮಿಲಿಮೀಟರ್, ಹೊಸ ಡಬ್ಬದ ಬಾಯಿ 51. ನಡುವೆ ಒಂದು ತುಂಡು ಸೇರಿಸಿ ಬೆಸೆದಿದ್ದರು. ಪೈಪು ದಪ್ಪವಾದರೆ ಹೊಗೆ ಸಲೀಸಾಗಿ ಹೋಗಿ ಶಕ್ತಿ ಹೆಚ್ಚುತ್ತದೆ ಅನ್ನುವುದು ದೊಡ್ಡ ಎಂಜಿನ್ನಿಗೆ, ಜೋರು ಓಡಿಸುವವರಿಗೆ ಸರಿ. 1.1 ಲೀಟರಿನ ಎಂಜಿನ್ ಪೇಟೆಯಲ್ಲಿ ಓಡುವಾಗ ಅಷ್ಟು ಹೊಗೆಯನ್ನೇ ಉಗುಳುವುದಿಲ್ಲ. ಮೇಷ್ಟ್ರಿಗೆ ಯಾವ ಪಿಕಪ್ಪೂ ಸಿಗಲಿಲ್ಲ. ಡಬ್ಬ ಮಾತ್ರ ಕೆಳಗೆ ಜೋತು ಹಂಪ್ಸ್ ದಾಟುವಾಗೆಲ್ಲ ಉಜ್ಜುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಹೊಸದನ್ನು ಕೂರಿಸುವಾಗ ಗ್ಯಾರೇಜಿನ ಹುಡುಗನೊಬ್ಬ, "ಮುಂದಿನ ಕ್ಯಾಟ್ ಕಾನ್ ತೆಗೆದುಬಿಡುವಾ, ಪಿಕಪ್ ಬರ್ತದೆ, ಗುಜರಿಯವರು ದುಡ್ಡೂ ಕೊಡ್ತಾರೆ" ಅಂದಿದ್ದನಂತೆ. ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತದೆ, ಅದಕ್ಕೇ ಆ ಬೆಲೆ. ಬಜೆಟ್ ಬಿಗಿ ಇದ್ದಾಗ ಇಂಥ ಮಾತು ಆಸೆ ಹುಟ್ಟಿಸುತ್ತದೆ. ಮೇಷ್ಟ್ರು ಬೇಡ ಅಂದರು. ಈ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ತೀರ್ಮಾನ ಇದೇ ಅಂತ ನನ್ನ ಅಭಿಪ್ರಾಯ. ಅದನ್ನು ತೆಗೆದಿದ್ದರೆ ಎಮಿಷನ್ ಟೆಸ್ಟ್ ಕೈಕೊಡುತ್ತಿತ್ತು, ಹೊಸದು ಹಾಕಿಸಲು ಇಡೀ ಬಜೆಟ್ಟಿನ ಎಷ್ಟೋ ಪಟ್ಟು ಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಶಾಲೆಯ ಗೇಟಿನಲ್ಲಿ ನಿಂತ ಮಕ್ಕಳು ಆ ಹೊಗೆಯನ್ನೇ ಕುಡಿಯಬೇಕಿತ್ತು.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಲೈಸೆನ್ಸ್ ಮೂರು ತಿಂಗಳು ಅಮಾನತು. ಬೈಕಿನ ಸೈಲೆನ್ಸರುಗಳನ್ನು ಪೊಲೀಸರು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಕಾರಿಗೂ ಅದೇ ಕಾನೂನು. ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ಇಂಥದ್ದನ್ನು ನಿಲ್ಲಿಸುವುದು ಬೇಡವೇ ಬೇಡ.

ತಿರುವು: ಕೊಳ್ಳುವ ಮೊದಲು ನೋಡುವುದು

ಕಾರನ್ನು ಪಿಟ್ ಮೇಲೆ, ಅಂದರೆ ಗಾಡಿಯ ಅಡಿ ನೋಡಲು ತೋಡಿದ ಗುಂಡಿಯ ಮೇಲೆ, ನಿಲ್ಲಿಸಿದೆವು. ಎಂಜಿನ್ ತಣ್ಣಗಿತ್ತು. ಇಷ್ಟು ದಿನ ಯಾರೂ ಮಾಡದ ಒಂದು ಸಣ್ಣ ಕೆಲಸ ಮಾಡಿದೆವು. ದೊಡ್ಡ ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಿನವರೆಗೆ ಪೈಪನ್ನು ತಟ್ಟುತ್ತಾ ಬಂದೆವು. ಗಟ್ಟಿ ಲೋಹ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಮುಂದಿನ ಪೈಪು ಟಣ್. ಕ್ಯಾಟ್ ಕಾನ್ ಒಳಗೆ ಗಲಗಲ ಇಲ್ಲ, ಅಂದರೆ ಒಳಗಿನ ಪಿಂಗಾಣಿ ಒಡೆದಿಲ್ಲ. ನಡುವಿನ ಸಣ್ಣ ಡಬ್ಬ, ರೆಸೊನೇಟರ್ ಅನ್ನುತ್ತಾರಲ್ಲ, ಅದೂ ಗಟ್ಟಿ. ಅದು ಎಂಜಿನ್ನಿಗೆ ಹತ್ತಿರ ಇರುವುದರಿಂದ ಬಿಸಿಯಾಗಿ ಒಣಗುತ್ತದೆ. ಹಾಳಾಗಿದ್ದದ್ದು ಬಿಚ್ಚಿಟ್ಟಿದ್ದ ಹಳೇ ಹಿಂದಿನ ಡಬ್ಬ, ಅದನ್ನು ಪೈಪಿಗೆ ಬೋಲ್ಟ್ ಹಾಕಿ ಜೋಡಿಸುವ ಫ್ಲಾಂಜಿನ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್, ಡಬ್ಬ ನೇತುಹಾಕುವ ಮೂರು ಹ್ಯಾಂಗರ್ ರಬ್ಬರು. ಒಂದು ಕಡೆ ರಬ್ಬರ್ ತುಂಡಾಗಿ ಯಾರೋ ತಂತಿ ಕಟ್ಟಿದ್ದರು.

ಗ್ಯಾರೇಜಿನವರು ಮೊದಲು ಪೂರ್ತಿ ಸೆಟ್ ಬದಲಿಸಲು ಹೇಳಿದ್ದರು. ತಟ್ಟಿ ನೋಡಿದ ಮೇಲೆ ಬೇಕಾದದ್ದು ಹಿಂದಿನ ತುಂಡು ಮಾತ್ರ ಅಂತ ಅವರೂ ಒಪ್ಪಿದರು. ದುಡ್ಡು ಉಳಿದದ್ದು ಅಲ್ಲಿ, ಅಂಗಡಿಯ ಚೌಕಾಸಿಯಲ್ಲಿ ಅಲ್ಲ.

ಆಮೇಲೆ ಆಯ್ಕೆಗಳನ್ನು ತೂಗಿದೆವು. ಗುಜರಿಯಲ್ಲಿ ಅದೇ ಮಾಡೆಲಿನ ಹಳೇ ಡಬ್ಬ 600 ರೂಪಾಯಿಗೆ ಇತ್ತು. ನಮ್ಮ ಕಡೆಯ ಗುಜರಿ ಕಾರಿನ ಡಬ್ಬವೂ ಇದೇ ನೀರು, ಇದೇ ಉಪ್ಪು ಕುಡಿದದ್ದೇ. ಘಟ್ಟದ ಮೇಲಿನ, ಬಯಲುಸೀಮೆಯ ಕಾರಿನದ್ದಾಗಿದ್ದರೆ ನೋಡಬಹುದಿತ್ತು. ಇದನ್ನು ತಟ್ಟಿದಾಗ ಡಬ್ ಅಂತು, ಬಿಟ್ಟೆವು. ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಂಧುವೊಬ್ಬರು ವಿಚಾರಿಸಿದರು. ಮುನ್ನೂರು ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಆದರೆ ಬಸ್ ಪಾರ್ಸೆಲ್ ಖರ್ಚು, ಅಳತೆ ತಪ್ಪಿದರೆ ವಾಪಸ್ ಕಳಿಸುವ ಗೋಳು ಸೇರಿಸಿದರೆ ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ಹತ್ತಿರದ ಪಟ್ಟಣದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಆ ಮಾಡೆಲಿಗೇ ಅಂತ ಬೇರೆ ಕಂಪನಿ ಮಾಡಿದ ಲೋಕಲ್ ಡಬ್ಬವೊಂದನ್ನು 1,950ಕ್ಕೆ ಆರಿಸಿದೆವು. ಕೂರದಿದ್ದರೆ ಬದಲಿಸಿಕೊಡುತ್ತೇವೆ ಅಂತ ಅಂಗಡಿಯವರು ಬಿಲ್ಲಿನ ಮೇಲೆ ಬರೆದುಕೊಟ್ಟರು. ಆ ಒಂದು ಸಾಲು ಮುನ್ನೂರು ರೂಪಾಯಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಅಂಗಡಿಗೆ ಹೋಗುವಾಗ ಹಳೇ ಡಬ್ಬವನ್ನೇ ಗೋಣಿಯಲ್ಲಿ ಸುತ್ತಿ ಒಯ್ದಿದ್ದೆವು. ಫೋಟೋ ಸಾಲದು, ಮಾಡೆಲ್ ಹೆಸರು ಹೇಳಿದರೂ ಸಾಲದು. ಒಂದೇ ಮಾಡೆಲಿನಲ್ಲಿ ವರ್ಷದಿಂದ ವರ್ಷಕ್ಕೆ ಪೈಪಿನ ಬಾಗು ಬದಲಾಗಿರುತ್ತದೆ. ಕೌಂಟರಿನ ಮೇಲೆ ಹಳೇದು, ಹೊಸದು ಪಕ್ಕಪಕ್ಕ ಇಟ್ಟು ನೋಡಿದೆವು. ಫ್ಲಾಂಜಿನ ಎರಡು ತೂತುಗಳ ಅಂತರ ಸರಿ. ಪೈಪಿನ ದಪ್ಪ ಸರಿ. ಅಂಗಡಿಯಲ್ಲಿ ಎರಡು ಬ್ರಾಂಡು ಇದ್ದವು. ಎರಡನ್ನೂ ಕೈಯಲ್ಲಿ ತೂಗಿದಾಗ ಒಂದು ಸ್ಪಷ್ಟವಾಗಿ ಭಾರ. ಭಾರ ಇದ್ದರೆ ತಗಡು ದಪ್ಪ, ಒಳಗೆ ಗೋಡೆಗಳೂ ಇರುವ ಸಾಧ್ಯತೆ ಜಾಸ್ತಿ. ಅಲ್ಲಾಡಿಸಿದಾಗ ಏನೂ ಸದ್ದು ಬರಬಾರದು. ತಳದ ಅಂಚಿನಲ್ಲಿ ಒಂದು ಸಣ್ಣ ತೂತು ಇರಬೇಕು, ನೀರು ಇಳಿಯಲು. ಭಾರದ ಡಬ್ಬದಲ್ಲಿ ಅದಿತ್ತು. ಅದರ ತಗಡಿಗೆ ಅಲ್ಯುಮಿನಿಯಂ ಲೇಪನವೂ ಇತ್ತು. ಬರೀ ಕಪ್ಪು ಬಣ್ಣ ಬಳಿದದ್ದಕ್ಕಿಂತ ಇದು ಕರಾವಳಿಗೆ ಮೇಲು.

ಕೂರಿಸುವ ದಿನ

ಫ್ಲಾಂಜಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದರು. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಲಿಲ್ಲ, ಗ್ರೈಂಡರಿನಲ್ಲಿ ಕತ್ತರಿಸಿದರು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುವುದರಿಂದ ಕಿಡಿ ಹಾರದಂತೆ ಒದ್ದೆ ಗೋಣಿ ಅಡ್ಡ ಹಿಡಿದರು. ಈ ಎಚ್ಚರಿಕೆ ನೋಡಿ ನನಗೆ ಆ ಗ್ಯಾರೇಜಿನವರ ಮೇಲೆ ಗೌರವ ಹೆಚ್ಚಿತು.

ಹೊಸ ಡಬ್ಬವನ್ನು ರಬ್ಬರಿಗೆ ನೇತುಹಾಕಿದಾಗ ಒಂದು ತೊಡಕು ಕಂಡಿತು. ಮೂರು ಹ್ಯಾಂಗರ್ ಕಡ್ಡಿಗಳಲ್ಲಿ ಹಿಂದಿನದು ಒಂದೂವರೆ ಸೆಂಟಿಮೀಟರಿನಷ್ಟು ಎಡಕ್ಕಿತ್ತು. ಲೋಕಲ್ ಪಾರ್ಟಿನಲ್ಲಿ ಇದು ಮಾಮೂಲು. ಹುಡುಗರು ರಬ್ಬರನ್ನು ಎಳೆದು ಸಿಕ್ಕಿಸಿಬಿಟ್ಟರು. ಮೇಲ್ನೋಟಕ್ಕೆ ಸರಿಯಾಗೇ ಕೂತಿತ್ತು. ಆದರೆ ರಬ್ಬರು ಓರೆಯಾಗಿ ಬಿಗಿದಿತ್ತು, ಡಬ್ಬದ ಒಂದು ಮೂಲೆ ಕಾರಿನ ತಳಕ್ಕೆ ಬೆರಳಿನಷ್ಟೂ ಅಂತರವಿಲ್ಲದೆ ನಿಂತಿತ್ತು.

ಇಲ್ಲಿ ಸುಮ್ನೆ ಬಿಡಬಹುದಿತ್ತು. ಸಂಜೆಯಾಗುತ್ತಿತ್ತು, ಎಲ್ಲರಿಗೂ ಮನೆಗೆ ಹೋಗುವ ಅವಸರ. ಮೇಷ್ಟ್ರೇ ನನ್ನ ಕಡೆ ನೋಡಿ "ಇಷ್ಟು ಸಾಕಲ್ವಾ?" ಅಂದರು. ಸಾಕಾಗುವುದಿಲ್ಲ. ಒಂದು ಮೀಟರ್ ಉಕ್ಕಿನ ಪೈಪು 300 ಡಿಗ್ರಿ ಬಿಸಿಯಾದರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಎಂಜಿನ್ ಅಲ್ಲಾಡುತ್ತದೆ, ರಸ್ತೆ ಕುಲುಕುತ್ತದೆ. ಇಡೀ ಪೈಪು ರಬ್ಬರಿನ ಮೇಲೆ ತೂಗಾಡುತ್ತಾ ಇರಬೇಕು. ಎಲ್ಲಾದರೂ ಬಿಗಿದರೆ ಆ ಎಳೆತ ಹೋಗಿ ಫ್ಲಾಂಜಿನ ಬೆಸುಗೆಯ ಮೇಲೆ ಕೂರುತ್ತದೆ. ತಿಂಗಳೊಪ್ಪತ್ತಿನಲ್ಲಿ ಅಲ್ಲೇ ಬಿರುಕು. ಹೊಸ ಸೈಲೆನ್ಸರ್ ಬೇಗ ಹೋಯಿತು ಅನ್ನುವವರಲ್ಲಿ ಎಷ್ಟೋ ಜನರದ್ದು ಇದೇ ಕಥೆ. ಬೈಗುಳ ಮಾತ್ರ ಪಾರ್ಟಿಗೆ.

ಕಡ್ಡಿ ಎಲ್ಲಿರಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಡಬ್ಬ ಕೆಳಗಿಳಿಸಿ, ಕಡ್ಡಿ ಕತ್ತರಿಸಿ ಹೊಸ ಜಾಗದಲ್ಲಿ ಬೆಸೆದರು. ಕಾರಿನಿಂದ ಬಿಚ್ಚಿಯೇ ಬೆಸೆಯಬೇಕು. ಕಾರಿಗೆ ಕೂತಿರುವಾಗಲೇ ಬೆಸೆಯುವುದು ಅನಿವಾರ್ಯವಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಬೇಕು, ಇಲ್ಲದಿದ್ದರೆ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹಾಳಾಗುವ ಅಪಾಯ ಇದೆ. ತೆಳು ತಗಡಿಗೆ ಮಾಮೂಲಿ ರಾಡ್ ವೆಲ್ಡಿಂಗ್ ತೂತು ಮಾಡುತ್ತದೆ, ಹಾಗಾಗಿ ಅನಿಲ ಬಿಟ್ಟು ಸಣ್ಣ ತಂತಿಯಲ್ಲಿ ಬೆಸೆಯುವ ಸಿಓಟು ವೆಲ್ಡಿಂಗ್ ಇರುವ ಕಡೆಯೇ ಮಾಡಿಸಿದೆವು. ಬೆಸುಗೆಯ ಬಿಸಿಗೆ ಅಲ್ಯುಮಿನಿಯಂ ಲೇಪನ ಸುಟ್ಟುಹೋಗುತ್ತದೆ, ತುಕ್ಕು ಮೊದಲು ಅಲ್ಲೇ ಹತ್ತುತ್ತದೆ. ಅಷ್ಟು ಜಾಗಕ್ಕೆ ಬ್ರಷ್ ಉಜ್ಜಿ, ಬಿಸಿ ತಡೆಯುವ ಸಿಲ್ವರ್ ಪೇಂಟ್ ಬಳಿದರು.

ಮತ್ತೆ ನೇತುಹಾಕಿದಾಗ ಎಲ್ಲ ಕಡೆ ಎರಡು ಬೆರಳು ಅಂತರ. ಬೋಲ್ಟುಗಳನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ, ಡಬ್ಬವನ್ನು ಅಲ್ಲಾಡಿಸಿ ನಡುವೆ ತಂದು, ಆಮೇಲೆ ಬಿಗಿ ಮಾಡಿದರು. ಎಂಜಿನ್ ಸ್ಟಾರ್ಟ್ ಮಾಡಿ, ಹಿಂದಿನ ಬಾಯಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿ ಹಿಡಿದು ಕಿವಿಗೊಟ್ಟರು. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ಸುಯ್ ಅನ್ನುತ್ತದೆ. ಅನ್ನಲಿಲ್ಲ. ಫ್ಲಾಂಜಿನ ಸುತ್ತ ಸೋಪು ನೀರು ಹಚ್ಚಿದರೂ ಗುಳ್ಳೆ ಬರಲಿಲ್ಲ. ಡಿಕ್ಕಿ ಬಾಗಿಲಿನ ರಬ್ಬರನ್ನು ಅಂಟಿಸಿದರು, ತಳದ ತೂತಿಗೆ ಹೊಸ ಬಿರಡೆ ಬಿತ್ತು. ನನ್ನ ಲೆಕ್ಕದಲ್ಲಿ ಅವತ್ತಿನ ಅತಿ ಕಡಿಮೆ ಖರ್ಚಿನ, ಅತಿ ಮುಖ್ಯ ಕೆಲಸ ಅದೇ. ಗ್ಯಾರೇಜಿನವರು ಅದಕ್ಕೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ಏನಾಯಿತು

ಮೊದಲ ಓಟದಲ್ಲಿ ಪೇಂಟು, ಎಣ್ಣೆ ಸುಟ್ಟ ವಾಸನೆ ಬಂತು. ಅದು ಸಹಜ. ಕಿಟಕಿ ತೆರೆದು ಅರ್ಧ ಗಂಟೆ ಓಡಿಸಿದ ಮೇಲೆ ನಿಂತಿತು. ಹೆದ್ದಾರಿಯಲ್ಲಿ ಗುಂಯ್‌ಗುಡುವುದು ಪೂರ್ತಿ ಹೋಗಿತ್ತು. ಮಗ ಎರಡು ಸಲವೂ ಒಂದೇ ಫೋನಿಟ್ಟು, ಒಂದೇ ಜಾಗದಲ್ಲಿ, ಒಂದೇ ವೇಗದಲ್ಲಿ ಆ್ಯಪ್‌ನಲ್ಲಿ ಅಳೆದಿದ್ದ. ಫ್ರೀ ಫ್ಲೋಗಿಂತ 7 ಡೆಸಿಬೆಲ್ ಕಡಿಮೆ ಬಂದಿತ್ತು. ಫೋನಿನ ಅಂಕಿಯನ್ನು ನಿಜವಾದ ಅಳತೆ ಅಂತ ತೆಗೆದುಕೊಳ್ಳುವ ಹಾಗಿಲ್ಲ, ಆದರೆ ಎರಡರ ನಡುವಿನ ವ್ಯತ್ಯಾಸ ನೋಡಲು ಸಾಕು. ಎಮಿಷನ್ ಟೆಸ್ಟ್ ಪಾಸಾಯಿತು. ಆರ್‌ಸಿ ಐದು ವರ್ಷಕ್ಕೆ ನವೀಕರಣವಾಯಿತು. ಅಮ್ಮ ಈಗ ಕಾರಿನಲ್ಲಿ ಕೂತರೆ ತಲೆನೋವು ಅನ್ನುವುದಿಲ್ಲ.

ಖರ್ಚಿನ ಲೆಕ್ಕ ಮೇಷ್ಟ್ರು ಬರೆದಿಟ್ಟಿದ್ದಾರೆ. ಎರಡನೇ ಹಂತದಲ್ಲಿ ಡಬ್ಬ 1,950, ಮೂರು ರಬ್ಬರು 210, ಗ್ಯಾಸ್ಕೆಟ್ ಮತ್ತು ಬೋಲ್ಟು 150, ಕೂಲಿ ಮತ್ತು ಬೆಸುಗೆ 700, ಪೇಂಟು 320. ಒಟ್ಟು 3,330 ರೂಪಾಯಿ, ಅಂದರೆ ಬಜೆಟ್ಟಿನ ಒಳಗೇ. ಆದರೆ ಅದಕ್ಕೂ ಮೊದಲು ಪೇಸ್ಟು, ಪ್ಯಾಚು, ಫ್ರೀ ಫ್ಲೋ ಸೇರಿ 3,280 ಹೋಗಿತ್ತು. ಫ್ರೀ ಫ್ಲೋ ಮಾರಿ 1,000 ವಾಪಸ್ ಬಂತು. ಕೊನೆಗೆ ಕೈಯಿಂದ ಹೋದದ್ದು 5,610. ಕಂಪನಿ ಪಾರ್ಟನ್ನೇ ರಬ್ಬರು, ಗ್ಯಾಸ್ಕೆಟ್, ಕೂಲಿ ಸಮೇತ ಹಾಕಿಸಿದ್ದರೆ 8,000ದ ಹತ್ತಿರ ಆಗುತ್ತಿತ್ತು.

ಹಾಗಾದರೆ ಲೋಕಲ್ ಪಾರ್ಟೇ ಸರಿಯೇ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಈ ಕಾರಿಗೆ ಸರಿ, ಇನ್ನು ಐದು ವರ್ಷ ಓಡಿದರೆ ಸಾಕು ಅನ್ನುವ ಕಾರಿದು. ಆರೇಳು ವರ್ಷದ ಕಾರಾಗಿದ್ದರೆ, ಇನ್ನೂ ಬಹಳ ವರ್ಷ ಇಟ್ಟುಕೊಳ್ಳುವವರಾಗಿದ್ದರೆ ನಾನು ಕಂಪನಿ ಪಾರ್ಟಿಗೇ ಹೇಳುತ್ತಿದ್ದೆ. ಆ ಕಡ್ಡಿ ಕತ್ತರಿಸಿ ಬೆಸೆಯುವ ಗೋಜೇ ಇರುತ್ತಿರಲಿಲ್ಲ, ಲೇಪನ ಸುಡುತ್ತಿರಲಿಲ್ಲ. ವೆಲ್ಡಿಂಗ್ ಗೊತ್ತಿರುವ, ತಾಳ್ಮೆ ಇರುವ ಗ್ಯಾರೇಜು ಹತ್ತಿರದಲ್ಲಿ ಇಲ್ಲದಿದ್ದರೂ ಅದೇ ಮಾತು. ಲೋಕಲ್ ಪಾರ್ಟಿನಲ್ಲಿ ಉಳಿಯುವ ದುಡ್ಡು ಕೂರಿಸುವವರ ಕೈಯಲ್ಲಿ ಉಳಿಯುತ್ತದೆ ಅಥವಾ ಹೋಗುತ್ತದೆ.

ಹುಡುಗನ ಫ್ರೀ ಫ್ಲೋ ಬಗ್ಗೆ ಮನೆಯಲ್ಲಿ ಯಾರೂ ಬೈಯಲಿಲ್ಲ ಅನ್ನುವುದು ನನಗೆ ಇಷ್ಟವಾಯಿತು. ಆರ್‌ಪಿಎಂ ಮತ್ತು ಸದ್ದಿನ ಲೆಕ್ಕವನ್ನು ಆಮೇಲೆ ಅವನೇ ಕಾಗದದ ಮೇಲೆ ಮಾಡಿ ತೋರಿಸಿದ. ಅವತ್ತು ಪಿಟ್ಟಿನೊಳಗೆ ಇಳಿದು ಪೈಪು ತಟ್ಟಿದವನೂ ಅವನೇ.

ಮುಂದಿನ ಮಳೆಗಾಲ ಕಳೆದ ಮೇಲೆ ಕಾರನ್ನು ಮತ್ತೆ ಪಿಟ್ ಮೇಲೆ ನಿಲ್ಲಿಸಿ ನೋಡಿದೆವು. ಬೆಸೆದ ಕಡ್ಡಿಯ ಬುಡದಲ್ಲಿ ಸ್ವಲ್ಪ ಕೆಂಪು ಕಂಡಿತು, ಉಜ್ಜಿ ಪೇಂಟ್ ಬಳಿದರು. ತಳದ ತೂತಿನಲ್ಲಿ ಕೆಸರು ಕಟ್ಟಿತ್ತು, ಕಡ್ಡಿ ಹಾಕಿ ಬಿಡಿಸಿದರೆ ಅರ್ಧ ಲೋಟ ಕಂದು ನೀರು ಇಳಿಯಿತು. ಈಗ ಮೇಷ್ಟ್ರು ವಾರಕ್ಕೊಮ್ಮೆ ಪೇಟೆಗೆ ಹೋಗುವಾಗ ಸುತ್ತು ದಾರಿ ಹಿಡಿದು ಹೆದ್ದಾರಿಯಲ್ಲಿ ಸ್ವಲ್ಪ ಓಡಿಸುತ್ತಾರೆ, ಡಬ್ಬ ಒಣಗಲಿ ಅಂತ. ಮುಂದಿನ ಬಳುಕುವ ತುಂಡಿನ, ಅಂದರೆ ಫ್ಲೆಕ್ಸಿಬಲ್ ಪೈಪಿನ, ಜಾಲರಿಯ ಹತ್ತಿರ ಸಣ್ಣ ಕಪ್ಪು ಕಲೆ ಕಾಣಿಸಿದೆ. ಅಲ್ಲಿ ಸೋರಿಕೆ ಶುರುವಾಗುತ್ತಿರಬಹುದು. ಅದು ಕ್ಯಾಬಿನ್ನಿನ ಅಡಿಯಲ್ಲೇ ಇರುವುದರಿಂದ ಮುಂದೂಡುವ ಹಾಗಿಲ್ಲ. ಇಡೀ ಮುಂದಿನ ಪೈಪು ಬದಲಿಸದೆ, ಆ ತುಂಡನ್ನಷ್ಟೇ ಕತ್ತರಿಸಿ ಹೊಸ ಫ್ಲೆಕ್ಸಿಬಲ್ ಬೆಸೆಯಲು ಅದೇ ಗ್ಯಾರೇಜಿನವರಿಗೆ ದಿನ ಕೊಟ್ಟಾಗಿದೆ.